ಎಲುಬಿನ ನುಡಿಯನ್ನರಿತ ವೈದ್ಯ: ಡಾ. ಫುಲ್ಲರ್ ಆಲ್‌ಬ್ರೈಟ್

ಮನೆಗೆ ಕಂಬವಿದ್ದಂತೆ ದೇಹಕ್ಕೆ ಎಲುಬು ಎಂಬುದು ಬಹುಕಾಲದಿಂದ ಬಂದ ತಿಳಿವಳಿಕೆ. ಮಾಂಸಖಂಡಗಳಿಗೆ ಆಧಾರವಾಗಿ, ಮೆದುಳು ಹೃದಯಗಳಂಥ ಮೃದುವಾದ ಅವಯವಗಳಿಗೆ ಕವಚವಾಗಿ, ನಿಲ್ಲುವುದಕ್ಕೂ ನಡೆಯುವುದಕ್ಕೂ ಬಲವಾಗಿ ೨೦೬ ಎಲುಬುಗಳು ವಯಸ್ಕ ಮಾನವನ ಶರೀರದಲ್ಲಿವೆಯೆಂದು ಪಾಠಪುಸ್ತಕಗಳು ತಿಳಿಸುತ್ತವೆ. ಇದು ಸುಳ್ಳಲ್ಲವಾದರೂ ಪೂರ್ಣ ಸತ್ಯವೂ ಅಲ್ಲ. ಎಲುಬು ಸದಾ ಸವೆಯುತ್ತ, ಸದಾ ಹೊಸದಾಗಿ ಕಟ್ಟಲ್ಪಡುತ್ತ ಇರುವ ಜೀವಂತ ಅವಯವ. ಕೊರಳಿನ ಗ್ರಂಥಿಗಳು, ಮೂತ್ರಪಿಂಡಗಳು, ಕರುಳು, ಅಂಡಾಶಯ ಇವುಗಳಿಂದ ಹೊರಟ ಸಂದೇಶಗಳು ರಕ್ತದ ಮೂಲಕ ಅದನ್ನು ತಲಪುತ್ತವೆ. ಅದರಿಂದ ಹೊರಟ ಸಂದೇಶಗಳು ಇತರ ಅವಯವಗಳನ್ನು ಮುಟ್ಟುತ್ತವೆ. ಈ ಗುಪ್ತ ವ್ಯವಹಾರವನ್ನು ರೋಗಿಯ ಹಾಸಿಗೆಯ ಬಳಿಯಲ್ಲಿಯೇ ನಿಂತು, ತೂಗಿ ಅಳೆದು, ಲೆಕ್ಕವಿಟ್ಟು ಓದಿದವರಲ್ಲಿ ಅಗ್ರಗಣ್ಯರು ಅಮೆರಿಕೆಯ ವೈದ್ಯವಿಜ್ಞಾನಿ ಡಾ. ಫುಲ್ಲರ್ ಆಲ್‌ಬ್ರೈಟ್. ತಮ್ಮ ದೇಹವೇ ದಿನದಿನಕ್ಕೆ ತಮ್ಮ ಮಾತು ಕೇಳದಂತಾಗುತ್ತಿದ್ದ ಕಾಲದಲ್ಲಿ ಅವರು ಈ ಕಾರ್ಯದ ಬಹುಭಾಗವನ್ನು ಸಾಧಿಸಿದರು. ಆದುದರಿಂದ ಅವರ ಜೀವನಚರಿತ್ರೆ ವಿಜ್ಞಾನದ ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಎಲ್ಲರಿಗೂ ಮನನಯೋಗ್ಯವಾದುದು.

ಜನನ ಮತ್ತು ವಿದ್ಯಾಭ್ಯಾಸ

ಫುಲ್ಲರ್ ಆಲ್‌ಬ್ರೈಟ್ ೧೯೦೦ನೆಯ ಇಸವಿ ಜನವರಿ ೧೨ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ರಾಜ್ಯಕ್ಕೆ ಸೇರಿದ ಬಫಲೋ ನಗರದಲ್ಲಿ ಜನಿಸಿದರು. ತಂದೆ ಜಾನ್ ಜೋಸೆಫ್ ಆಲ್‌ಬ್ರೈಟ್ ಕಲ್ಲಿದ್ದಲು, ಉಕ್ಕು, ವಿದ್ಯುಚ್ಛಕ್ತಿ ಮೊದಲಾದ ಉದ್ಯಮಗಳಲ್ಲಿ ಸಂಪತ್ತನ್ನು ಗಳಿಸಿ, ಅದನ್ನು ಊರಿನ ಹಿತಕ್ಕಾಗಿ ಧಾರಾಳವಾಗಿ ವಿನಿಯೋಗಿಸಿದ ದಾನಿಗಳು. ೧೯೦೫ರಲ್ಲಿ ಬಫಲೋ ನಗರದಲ್ಲಿ ಬಾಗಿಲು ತೆರೆದ ಭವ್ಯವಾದ ಕಲಾ ಸಂಗ್ರಹಾಲಯ ಅವರ ಕೊಡುಗೆ. ತಾಯಿ ಸೂಸನ್ ಫುಲ್ಲರ್ ಸುಶಿಕ್ಷಿತ ಮಹಿಳೆ. ಸಿರಿವಂತರ ಮನೆಯಲ್ಲಿ ಹುಟ್ಟಿದ ಈ ಬಾಲಕ ಮನಸ್ಸು ಮಾಡಿದ್ದರೆ ಯಾವ ಶ್ರಮವೂ ಇಲ್ಲದೆ ಬಾಳಬಹುದಾಗಿತ್ತು. ಆದರೆ ಅವರು ಆರಿಸಿಕೊಂಡದ್ದು ವೈದ್ಯವೃತ್ತಿಯನ್ನು. ಅದರಲ್ಲಿಯೂ ಹಣ ತರುವ ಚಿಕಿತ್ಸೆಗಿಂತ ಹೆಚ್ಚಾಗಿ ಪ್ರಶ್ನೆಗಳನ್ನು ತರುವ ಸಂಶೋಧನೆಯನ್ನು.

ಹಾರ್ವರ್ಡ್ ಕಾಲೇಜಿನಲ್ಲಿ ಓದಿ, ಅಲ್ಲಿಯ ವೈದ್ಯಕೀಯ ವಿದ್ಯಾಲಯದಿಂದ ೧೯೨೪ರಲ್ಲಿ ಪದವಿ ಪಡೆದು, ಆಲ್‌ಬ್ರೈಟ್ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯನ್ನು ಸೇರಿದರು. ಅಲ್ಲಿ ಅವರಿಗೆ ಮಾರ್ಗದರ್ಶಕರಾಗಿ ದೊರೆತವರು ಡಾ. ಜೋಸೆಫ್ ಆಬ್. ಕಾರ್ಖಾನೆಗಳಲ್ಲಿ ದುಡಿಯುವ ಜನರಿಗೆ ಸೀಸದ ವಿಷ ಏರುವ ರೋಗವನ್ನು ಆಬ್ ಅವರು ಅಭ್ಯಸಿಸುತ್ತಿದ್ದರು. ದೇಹವನ್ನು ಹೊಕ್ಕ ಸೀಸ ಸುಣ್ಣದಂತೆಯೇ ಎಲುಬಿನಲ್ಲಿ ಹೋಗಿ ಸೇರಿಕೊಳ್ಳುತ್ತದೆ. ಎಲುಬಿನಿಂದ ಸುಣ್ಣವನ್ನು ಹೊರತೆಗೆಯುವ ಶಕ್ತಿ ಯಾವುದಕ್ಕಿದೆಯೋ ಅದು ಸೀಸವನ್ನೂ ಹೊರತೆಗೆಯಬಹುದೆಂದು ಆಬ್ ಅವರು ತರ್ಕಿಸಿ, ಪ್ಯಾರಾಥೈರಾಯ್ಡ್ ಗ್ರಂಥಿಯ ಸಾರವನ್ನು ರೋಗಿಗಳಿಗೆ ಚುಚ್ಚಿ ನೋಡುತ್ತಿದ್ದರು. ಸೀಸದ ಹಿಂದೆ ಹೊರಟ ಈ ಅಭ್ಯಾಸ ತರುಣ ಆಲ್‌ಬ್ರೈಟ್ ಅವರನ್ನು ಎಲುಬಿನ ಕಡೆಗೆ ತಿರುಗಿಸಿತು. ಅನಂತರ ಅವರು ಆ ದಾರಿಯನ್ನು ಬಿಡಲಿಲ್ಲ.

ದೇಹದ ಕಣಜ

ಆಲ್‌ಬ್ರೈಟ್ ಅವರ ಕಾರ್ಯದ ಮಹತ್ವ ತಿಳಿಯಬೇಕಾದರೆ ಎಲುಬಿನ ವ್ಯವಹಾರವನ್ನು ಸ್ವಲ್ಪ ಅರಿತುಕೊಳ್ಳಬೇಕು. ವಯಸ್ಕ ಮನುಷ್ಯನ ಶರೀರದಲ್ಲಿ ಕ್ಯಾಲ್ಸಿಯಂ ಎಂಬ ಸುಣ್ಣದ ಅಂಶ ಸುಮಾರು ಒಂದು ಕಿಲೋಗ್ರಾಂನಷ್ಟು ಇದೆ. ಅದರ ನೂರರಲ್ಲಿ ೯೯ ಪಾಲು ಎಲುಬು ಹಲ್ಲುಗಳಲ್ಲಿಯೇ ಅಡಗಿದೆ. ಉಳಿದ ಅತ್ಯಲ್ಪ ಭಾಗ ರಕ್ತದಲ್ಲಿಯೂ ಇತರ ಅಂಗಾಂಶಗಳಲ್ಲಿಯೂ ಇರುತ್ತದೆ. ಆದರೆ ಹೃದಯ ಬಡಿಯುವುದು, ನರಗಳು ಸಂವೇದನೆಯನ್ನು ಒಯ್ಯುವುದು, ಸ್ನಾಯುಗಳು ಸಂಕೋಚಗೊಳ್ಳುವುದು ಈ ಅಲ್ಪ ಭಾಗವನ್ನೇ ಅವಲಂಬಿಸಿದೆ. ರಕ್ತದ್ರವದ ೧೦೦ ಮಿಲಿಲೀಟರಿನಲ್ಲಿ ಸುಮಾರು ೯ರಿಂದ ೧೦ ಮಿಲಿಗ್ರಾಂ ಕ್ಯಾಲ್ಸಿಯಂ ಇರತಕ್ಕದ್ದು. ಅದು ಬಹಳ ಕಡಿಮೆಯಾದರೆ ಕೈಕಾಲುಗಳು ಸೆಟೆದುಕೊಳ್ಳುತ್ತವೆ, ಮೂರ್ಛೆ ಬರುತ್ತದೆ. ಬಹಳ ಹೆಚ್ಚಾದರೆ ಮನಸ್ಸು ಮಂಕಾಗುತ್ತದೆ, ಮೂತ್ರಪಿಂಡಗಳು ಕೆಡುತ್ತವೆ.

ರೈತನ ಮನೆಯಲ್ಲಿ ಸುಗ್ಗಿಯ ಧಾನ್ಯವನ್ನು ಕಣಜದಲ್ಲಿ ತುಂಬಿಟ್ಟು, ಬರಗಾಲದಲ್ಲಿ ಅದರಿಂದ ತೆಗೆದು ಉಣ್ಣುವಂತೆ, ದೇಹವು ಸುಣ್ಣವನ್ನು ಎಲುಬಿನಲ್ಲಿ ಕೂಡಿಟ್ಟುಕೊಂಡು ಬೇಕಾದಾಗ ಅಲ್ಲಿಂದ ತೆಗೆದುಕೊಳ್ಳುತ್ತದೆ. ಈ ಕಣಜದ ಬಾಗಿಲು ತೆಗೆಸುವ ಅಧಿಕಾರ ಕೊರಳಿನಲ್ಲಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳದು. ಒಂದೊಂದೂ ಅಕ್ಕಿಯ ಕಾಳಿಗಿಂತ ಬಹಳ ದೊಡ್ಡದಲ್ಲ. ಮನುಷ್ಯನಲ್ಲಿ ಅವುಗಳನ್ನು ಸ್ವೀಡನ್ ದೇಶದ ಈವಾರ್ ಸ್ಯಾಂಡ್‌ಸ್ಟ್ರೋಮ್ ೧೮೮೦ರಲ್ಲಿ ವರ್ಣಿಸಿದರು. ಅವುಗಳನ್ನು ತೆಗೆದುಹಾಕಿದಾಗ ಉಂಟಾಗುವ ಸೆಟೆತಕ್ಕೆ ಕ್ಯಾಲ್ಸಿಯಂ ಪರಿಹಾರವೆಂದು ಮ್ಯಾಕ್‌ಕಲಂ ಮತ್ತು ಫೋಗ್ಟ್‌ಲಿನ್ ೧೯೦೯ರಲ್ಲಿ ತೋರಿಸಿದರು. ೧೯೨೫ರಲ್ಲಿ ಕೆನಡಾದ ಜೇಮ್ಸ್ ಕಾಲಿಪ್ ಗ್ರಂಥಿಯ ಪರಿಣಾಮಕಾರಿಯಾದ ಸಾರವನ್ನು ಸಿದ್ಧಪಡಿಸಿದರು. ಆದರೆ ಆ ಸಾರ ಯಾವ ಅವಯವಕ್ಕೆ ಏನು ಹೇಳುತ್ತದೆಂಬುದು ಆಗಿನ್ನೂ ಯಾರಿಗೂ ಸ್ಪಷ್ಟವಾಗಿರಲಿಲ್ಲ.

ಬಾಲ್ಟಿಮೋರ್‌ನಿಂದ ವಿಯೆನ್ನಾಕ್ಕೆ

ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗ ಆಲ್‌ಬ್ರೈಟ್ ಅವರಿಗೆ ರೀಡ್ ಎಲ್ಸ್‌ವರ್ತ್ ಎಂಬ ತರುಣ ವೈದ್ಯರ ಸ್ನೇಹ ಲಭಿಸಿತು. ಪ್ಯಾರಾಥೈರಾಯ್ಡ್ ಗ್ರಂಥಿಗಳು ಕೆಲಸ ಮಾಡದಿದ್ದ ಒಬ್ಬ ರೋಗಿಯನ್ನು ಇಬ್ಬರೂ ಸೇರಿ ದೀರ್ಘಕಾಲ ಪರೀಕ್ಷಿಸಿದರು. ಗ್ರಂಥಿಯ ಸಾರವನ್ನು ಚುಚ್ಚಿದೊಡನೆ ಮೊದಲು ಕಾಣುವ ಬದಲಾವಣೆ ಮೂತ್ರದಲ್ಲಿ ರಂಜಕದ ಪ್ರಮಾಣ ಏರುವುದು. ರಕ್ತದ ಕ್ಯಾಲ್ಸಿಯಂ ಏರುವುದು ಅನಂತರ. ೧೯೨೯ರಲ್ಲಿ ಪ್ರಕಟವಾದ ಈ ಶೋಧನೆಯಿಂದ ಗ್ರಂಥಿಯ ಸಂದೇಶ ಎಲುಬಿಗೆ ಮಾತ್ರವಲ್ಲದೆ ಮೂತ್ರಪಿಂಡಕ್ಕೂ ಹೋಗುತ್ತದೆಂಬುದು ವ್ಯಕ್ತವಾಯಿತು. ಗ್ರಂಥಿಯು ಮೂತ್ರಪಿಂಡಕ್ಕೆ ಹೇಳಿ ರಂಜಕವನ್ನು ಹೊರಹಾಕಿಸುತ್ತದೆ, ರಂಜಕ ಕಡಿಮೆಯಾದುದರಿಂದ ಎಲುಬು ಕರಗಿ ಸುಣ್ಣವನ್ನು ಬಿಟ್ಟುಕೊಡುತ್ತದೆ ಎಂಬುದು ಆಲ್‌ಬ್ರೈಟ್ ಅವರ ಸಿದ್ಧಾಂತವಾಯಿತು.

೧೯೨೮-೨೯ರಲ್ಲಿ ಅವರು ವಿಯೆನ್ನಾ ನಗರಕ್ಕೆ ತೆರಳಿ, ರೋಗಲಕ್ಷಣ ಶಾಸ್ತ್ರದ ಮಹಾಪಂಡಿತ ಯಾಕೋಬ್ ಎರ್ಡ್‌ಹೈಮ್ ಅವರ ಬಳಿ ಶಿಷ್ಯವೃತ್ತಿ ಮಾಡಿದರು. ಎಲುಬು ಮೆತ್ತಗಾಗುವ ರೋಗಗಳಲ್ಲಿ ಪ್ಯಾರಾಥೈರಾಯ್ಡ್ ಗ್ರಂಥಿಗಳು ದಪ್ಪವಾಗಿರುವುದನ್ನು ಎರ್ಡ್‌ಹೈಮ್ ಇಪ್ಪತ್ತು ವರ್ಷಗಳ ಹಿಂದೆಯೇ ಕಂಡಿದ್ದರು. ಎಲುಬಿನ ರೋಗವನ್ನು ಸರಿಪಡಿಸಲು ಗ್ರಂಥಿ ಬೆಳೆಯುತ್ತದೆಂದು ಅವರ ಅಭಿಪ್ರಾಯ. ಅದೇ ನಗರದ ಶಸ್ತ್ರವೈದ್ಯ ಫೆಲಿಕ್ಸ್ ಮಾಂಡ್ಲ್ ಎಲುಬುಗಳೆಲ್ಲ ಸವೆದುಹೋಗಿದ್ದ ಒಬ್ಬ ಟ್ರಾಂ ಕಂಡಕ್ಟರನಿಗೆ ಮೊದಲು ಬೇರೊಬ್ಬರ ಗ್ರಂಥಿಗಳನ್ನು ಕಸಿಮಾಡಿ ನೋಡಿದರು; ಗುಣ ಕಾಣಲಿಲ್ಲ. ೧೯೨೫ರಲ್ಲಿ ಅವನ ಕೊರಳಿನಲ್ಲಿ ಬೆಳೆದಿದ್ದ ಗ್ರಂಥಿಯ ಗಂತಿಯನ್ನೇ ತೆಗೆದುಹಾಕಿದಾಗ ಎಲುಬು ಚೇತರಿಸಿಕೊಂಡಿತು. ಗ್ರಂಥಿಯ ಬೆಳವಣಿಗೆ ಕೆಲವರಲ್ಲಿ ಎಲುಬಿನ ರೋಗದ ಫಲ, ಕೆಲವರಲ್ಲಿ ಅದೇ ರೋಗದ ಮೂಲ ಎಂಬ ವಿವೇಚನೆಯನ್ನು ಆಲ್‌ಬ್ರೈಟ್ ಮುಂದೆ ತಮ್ಮ ರೋಗಿಗಳಲ್ಲಿ ಸ್ಪಷ್ಟಪಡಿಸಿಕೊಂಡರು.

ಒಬ್ಬ ನಾವಿಕನ ಕಥೆ

ಈ ಶಾಸ್ತ್ರದ ಇತಿಹಾಸದಲ್ಲಿ ವೈದ್ಯರಷ್ಟೇ ಗೌರವದಿಂದ ನೆನೆಯಬೇಕಾದ ಹೆಸರು ಹಡಗಿನ ಕಪ್ತಾನ ಚಾರ್ಲ್ಸ್ ಮಾರ್ಟೆಲ್ ಅವರದು. ಎತ್ತರವಾದ ದೃಢಕಾಯದ ಈ ನಾವಿಕನಿಗೆ ೧೯೧೮ರ ಸುಮಾರಿಗೆ ಎಲುಬುಗಳಲ್ಲಿ ನೋವು ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಎಲುಬುಗಳು ಮತ್ತೆ ಮತ್ತೆ ಮುರಿದು, ಬೆನ್ನು ಕುಸಿದು, ಅವರ ಎತ್ತರ ಏಳು ಅಂಗುಲಗಳಷ್ಟು ಕುಗ್ಗಿತು. ೧೯೨೬ರಲ್ಲಿ ನ್ಯೂಯಾರ್ಕಿನ ಡಾ. ಯೂಜೀನ್ ಡುಬಾಯ್ಸ್ ಇದು ಪ್ಯಾರಾಥೈರಾಯ್ಡ್ ಗ್ರಂಥಿಯ ಅತಿಕ್ರಿಯೆಯೆಂದು ಗುರುತಿಸಿ, ಅವರನ್ನು ಬಾಸ್ಟನ್ನಿಗೆ ಕಳುಹಿಸಿದರು. ಆಬ್, ವಾಲ್ಟರ್ ಬಾವರ್, ಆಲ್‌ಬ್ರೈಟ್ ಮೊದಲಾದವರು ಅವರ ದೇಹದ ಸುಣ್ಣದ ಆಯವ್ಯಯವನ್ನು ಕೂಲಂಕಷವಾಗಿ ಅಭ್ಯಸಿಸಿ ೧೯೩೦ರಲ್ಲಿ ಪ್ರಕಟಿಸಿದರು.

ರೋಗ ಗೊತ್ತಾಗಿತ್ತು, ಗಂತಿ ಮಾತ್ರ ಸಿಗಲಿಲ್ಲ. ಕೊರಳನ್ನು ಮತ್ತೆ ಮತ್ತೆ ಕೊಯ್ದು ನೋಡಿದರೂ ಆರು ಶಸ್ತ್ರಕ್ರಿಯೆಗಳು ವ್ಯರ್ಥವಾದವು. ಕಪ್ತಾನರು ಎದೆಗುಂದಲಿಲ್ಲ. ತಾವೇ ಶರೀರರಚನೆಯ ಗ್ರಂಥಗಳನ್ನು ಓದಿ, ಗ್ರಂಥಿ ಎದೆಗೂಡಿನಲ್ಲಿ ಅಡಗಿರಬಹುದೆಂದು ಅರಿತು, ಅಲ್ಲಿಯೂ ಹುಡುಕಬೇಕೆಂದು ಒತ್ತಾಯಿಸಿದರು. ೧೯೩೨ರಲ್ಲಿ ಏಳನೆಯ ಶಸ್ತ್ರಕ್ರಿಯೆಯಲ್ಲಿ ಎಡ್ವರ್ಡ್ ಚರ್ಚಿಲ್ ಮತ್ತು ಆಲಿವರ್ ಕೋಪ್ ಅವರಿಗೆ ಗಂತಿ ದೊರೆತದ್ದು ಎದೆಗೂಡಿನೊಳಗೇ. ಆದರೆ ಕಾಲ ಮಿಂಚಿತ್ತು. ವರ್ಷಗಟ್ಟಲೆ ಬರಿದಾಗಿದ್ದ ಎಲುಬುಗಳು ರಕ್ತದ ಸುಣ್ಣವನ್ನು ಹಸಿದವರಂತೆ ಹೀರತೊಡಗಿದವು, ಕೈಕಾಲುಗಳು ಸೆಟೆದವು, ಮೂತ್ರಪಿಂಡಗಳು ಮೊದಲೇ ಕಲ್ಲುಗಳಿಂದ ಜರ್ಜರಿತವಾಗಿದ್ದವು. ಕೆಲವು ವಾರಗಳಲ್ಲಿ ಕಪ್ತಾನ ಮಾರ್ಟೆಲ್ ತೀರಿಕೊಂಡರು. ಇಂಥ ಸ್ಥಿತಿಯಲ್ಲಿರುವ ಎಲುಬುಗಳಿಗೆ ಹಸಿದ ಎಲುಬುಗಳೆಂದು ಆಲ್‌ಬ್ರೈಟ್ ಹೆಸರಿಟ್ಟರು. ಇಂದಿಗೂ ವೈದ್ಯರು ಆ ಹೆಸರನ್ನೇ ಬಳಸುತ್ತಾರೆ. ಶಸ್ತ್ರಕ್ರಿಯೆಯ ನಂತರ ಕ್ಯಾಲ್ಸಿಯಂ ಕೊಟ್ಟು ಆ ಹಸಿವನ್ನು ತಣಿಸಿ ರೋಗಿಗಳನ್ನು ಉಳಿಸುತ್ತಾರೆ.

ನಾಲ್ಕನೆಯ ವಾರ್ಡು

ವಿಯೆನ್ನಾದಿಂದ ಮರಳಿದ ಮೇಲೆ ಆಲ್‌ಬ್ರೈಟ್ ಅವರ ಕರ್ಮಭೂಮಿಯಾದದ್ದು ಬಾಸ್ಟನ್ ಆಸ್ಪತ್ರೆಯ ನಾಲ್ಕನೆಯ ವಾರ್ಡು. ಸಂಶೋಧನೆಗಾಗಿಯೇ ೧೯೨೫ರಲ್ಲಿ ತೆರೆದ ಚಿಕ್ಕ ವಾರ್ಡು ಅದು. ಅಲ್ಲಿ ರೋಗಿಯು ಉಣ್ಣುವ ಒಂದೊಂದು ತುತ್ತನ್ನೂ ತೂಗಿ ಕೊಡುತ್ತಿದ್ದರು. ಉಳಿಸಿದ್ದನ್ನು ಮತ್ತೆ ತೂಗುತ್ತಿದ್ದರು. ಮಲಮೂತ್ರಗಳನ್ನು ದಿನದಿನವೂ ಸಂಗ್ರಹಿಸಿ ಪರೀಕ್ಷಿಸುತ್ತಿದ್ದರು. ಒಳಗೆ ಹೋದ ಸುಣ್ಣವೆಷ್ಟು, ಹೊರಗೆ ಬಂದುದೆಷ್ಟು ಎಂಬ ಜಮಾಖರ್ಚಿನಿಂದ ಎಲುಬು ಕಟ್ಟಲ್ಪಡುತ್ತಿದೆಯೋ ಕರಗುತ್ತಿದೆಯೋ ಎಂಬುದು ಗೊತ್ತಾಗುತ್ತಿತ್ತು. ದಾದಿಯರು, ಅಡುಗೆಯವರು, ಪ್ರಯೋಗಶಾಲೆಯ ಸಹಾಯಕರು, ಎಲ್ಲಕ್ಕೂ ಮಿಗಿಲಾಗಿ ತಿಂಗಳುಗಟ್ಟಲೆ ಮನೆ ಬಿಟ್ಟು ಮಲಗಿದ ರೋಗಿಗಳು, ಇವರೆಲ್ಲರ ತಾಳ್ಮೆಯಿಂದ ನಡೆದ ಕಾರ್ಯ ಅದು. ಅಳೆಯದೆ ಊಹಿಸುವುದು ಆಲ್‌ಬ್ರೈಟ್ ಅವರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ೧೯೪೪ರಲ್ಲಿ ಪ್ರಕಟವಾದ ತಮ್ಮ ಅಧ್ಯಕ್ಷಭಾಷಣದಲ್ಲಿ ಅವರು ತರುಣ ಸಂಶೋಧಕರಿಗೆ ವಿಧಿನಿಷೇಧಗಳನ್ನು ತಿಳಿಸುವಾಗಲೂ ಅಳತೆಯ ಮಹತ್ವವನ್ನು ಮರೆಯಲಿಲ್ಲ.

ಪ್ಯಾರಾಥೈರಾಯ್ಡ್ ಅತಿಕ್ರಿಯೆ ಅತಿ ವಿರಳವಾದ ರೋಗವೆಂದು ಆಗ ಎಲ್ಲರ ನಂಬಿಕೆ. ಮೂತ್ರಪಿಂಡದಲ್ಲಿ ಕಲ್ಲಾದವರನ್ನು ಆಲ್‌ಬ್ರೈಟ್ ಕ್ರಮವಾಗಿ ಪರೀಕ್ಷಿಸತೊಡಗಿದಾಗ, ಎಲುಬು ಚೆನ್ನಾಗಿಯೇ ಇದ್ದ ಹಲವರಲ್ಲಿಯೂ ಈ ರೋಗ ಕಂಡುಬಂದಿತು. ೧೯೩೪ರಲ್ಲಿ ಆಬ್ ಮತ್ತು ಬಾವರ್ ಅವರೊಡನೆ ೧೭ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿ, ಈ ರೋಗ ಸಾಮಾನ್ಯವಾದುದು, ನಾನಾ ರೂಪಗಳಲ್ಲಿ ಬರತಕ್ಕದ್ದು ಎಂದು ಅವರು ಸಾರಿದರು. ಕೊರಳಿನ ಗ್ರಂಥಿ, ಎಲುಬು, ಮೂತ್ರಪಿಂಡ ಮೂರೂ ಒಂದೇ ಸೂತ್ರದಲ್ಲಿ ಪೋಣಿಸಲ್ಪಟ್ಟಿರುವುದರಿಂದ ಒಂದರ ದೋಷ ಇನ್ನೊಂದರಲ್ಲಿ ಕಲ್ಲಾಗಿ ತೋರಬಹುದೆಂಬುದು ವೈದ್ಯರಿಗೆ ಮನದಟ್ಟಾಯಿತು. ೧೯೪೧ರಲ್ಲಿ ಮೂತ್ರಪಿಂಡದ ಅರ್ಬುದದಿಂದ ಪೀಡಿತನಾಗಿದ್ದ ಒಬ್ಬ ರೋಗಿಯ ರಕ್ತದಲ್ಲಿ ಕ್ಯಾಲ್ಸಿಯಂ ಏರಿದ್ದನ್ನು ಕಂಡು, ಆ ಅರ್ಬುದವೇ ಪ್ಯಾರಾಥೈರಾಯ್ಡ್ ಹಾರ್ಮೋನಿನಂಥ ವಸ್ತುವನ್ನು ಸುರಿಸುತ್ತಿರಬಹುದೆಂದು ಆಲ್‌ಬ್ರೈಟ್ ಊಹಿಸಿದರು. ಅಂಥ ವಸ್ತು ನಿಜವಾಗಿ ಕೈಗೆ ಸಿಕ್ಕಿದ್ದು ೧೯೮೭ರಲ್ಲಿ.

ಬಾಗಿದ ಬೆನ್ನಿನ ಕಾರಣ

ವಯಸ್ಸಾದ ಸ್ತ್ರೀಯರ ಬೆನ್ನು ಬಾಗುವುದೂ ಚಿಕ್ಕ ಪೆಟ್ಟಿಗೆ ಎಲುಬು ಮುರಿಯುವುದೂ ಎಲ್ಲ ದೇಶಗಳಲ್ಲಿ ಕಾಣುವ ಸಂಗತಿ. ಅದು ಮುಪ್ಪಿನ ಧರ್ಮವೆಂದು ಜನರೂ ವೈದ್ಯರೂ ಸುಮ್ಮನಿದ್ದರು. ಇಂಥ ರೋಗಿಗಳಲ್ಲಿ ಬಹುತೇಕ ಎಲ್ಲರೂ ಮುಟ್ಟು ನಿಂತ ಸ್ತ್ರೀಯರೇ ಆಗಿರುವುದನ್ನು ಆಲ್‌ಬ್ರೈಟ್ ಗಮನಿಸಿದರು. ಅದೇ ಕಾಲದಲ್ಲಿ ಹೆಣ್ಣು ಪಾರಿವಾಳಗಳ ಮೇಲೆ ನಡೆದ ಅಭ್ಯಾಸವೊಂದು ಅವರ ಕಣ್ಣಿಗೆ ಬಿದ್ದಿತು. ತತ್ತಿ ಇಡುವುದಕ್ಕೆ ಮುಂಚೆ ಹೆಣ್ಣುಹಕ್ಕಿಯ ಎಲುಬಿನ ಒಳಗೆ ಹೊಸ ಎಲುಬು ತುಂಬಿಕೊಳ್ಳುತ್ತದೆ. ತತ್ತಿಯ ಚಿಪ್ಪಿಗೆ ಬೇಕಾದ ಸುಣ್ಣ ಅಲ್ಲಿಂದ ಒದಗುತ್ತದೆ. ಅಂಡಾಶಯದ ಹಾರ್ಮೋನಿಗೂ ಎಲುಬಿಗೂ ಸಂಬಂಧವಿರಲೇಬೇಕೆಂದು ಅವರು ತರ್ಕಿಸಿದರು. ೧೯೪೦ ಮತ್ತು ೧೯೪೧ರಲ್ಲಿ ಪ್ರಕಟವಾದ ಲೇಖನಗಳಲ್ಲಿ, ಅಂಡಾಶಯದ ಈಸ್ಟ್ರೊಜೆನ್ ನಿಂತುಹೋಗುವುದೇ ಎಲುಬು ಟೊಳ್ಳಾಗಲು ಕಾರಣವೆಂದು ತೋರಿಸಿ, ಆ ಹಾರ್ಮೋನನ್ನು ಕೊಟ್ಟರೆ ಸುಣ್ಣದ ನಷ್ಟ ತಗ್ಗುವುದನ್ನು ವಾರ್ಡಿನ ಲೆಕ್ಕಗಳಿಂದ ಸಮರ್ಥಿಸಿದರು.

ಅವರ ವಿವರಣೆ ಎಲ್ಲ ಅಂಶಗಳಲ್ಲಿಯೂ ಉಳಿಯಲಿಲ್ಲ. ಈಸ್ಟ್ರೊಜೆನ್ ಎಲುಬನ್ನು ಕಟ್ಟುತ್ತದೆಂದು ಅವರು ಭಾವಿಸಿದ್ದರು. ಅದರ ಮುಖ್ಯ ಕೆಲಸ ಎಲುಬು ಕರಗುವುದನ್ನು ತಡೆಯುವುದೆಂದು ಮುಂದೆ ತಿಳಿಯಿತು. ಹಾರ್ಮೋನ್ ಚಿಕಿತ್ಸೆಯಿಂದ ಅಪಾಯಗಳೂ ಉಂಟೆಂದು ೨೦೦೨ರಲ್ಲಿ ಅಮೆರಿಕೆಯ ದೊಡ್ಡ ಪರೀಕ್ಷೆಯೊಂದರಿಂದ ತಿಳಿದ ಮೇಲೆ ಅದನ್ನು ವಿವೇಚನೆಯಿಂದ ಬಳಸುತ್ತಾರೆ. ಬೇರೆ ಔಷಧಿಗಳೂ ಬಂದಿವೆ. ಪ್ಯಾರಾಥೈರಾಯ್ಡ್ ಹಾರ್ಮೋನು ಮೂತ್ರಪಿಂಡದ ಮೂಲಕವೇ ಎಲುಬನ್ನು ಕರಗಿಸುತ್ತದೆಂಬ ಅವರ ಸಿದ್ಧಾಂತವೂ ಅರ್ಧ ಸತ್ಯವಾಗಿತ್ತು. ೧೯೪೮ರಲ್ಲಿ ಬಾರ್ನಿಕಾಟ್ ಎಂಬ ವಿಜ್ಞಾನಿ ಗ್ರಂಥಿಯ ತುಣುಕನ್ನು ಎಲುಬಿನ ಪಕ್ಕದಲ್ಲಿ ಇರಿಸಿ, ಎಲುಬು ನೇರವಾಗಿಯೇ ಕರಗುವುದನ್ನು ತೋರಿಸಿದರು. ಸಂದೇಶ ಎರಡೂ ಕಡೆಗೆ ಹೋಗುತ್ತದೆಂಬುದು ಈಗ ನಿಶ್ಚಿತ. ಅಂಡಾಶಯ ಸುಮ್ಮನಾದರೆ ಬೆನ್ನೆಲುಬು ಕುಸಿಯುತ್ತದೆಂಬ ಮೂಲ ಸತ್ಯ ಮಾತ್ರ ಅಚಲವಾಗಿ ನಿಂತಿದೆ.

ಸಂದೇಶಕ್ಕೆ ಕಿವಿಗೊಡದ ದೇಹ

೧೯೪೨ರಲ್ಲಿ ಆಲ್‌ಬ್ರೈಟ್ ಮತ್ತು ಸಂಗಡಿಗರು ವರ್ಣಿಸಿದ ರೋಗವೊಂದು ವೈದ್ಯಶಾಸ್ತ್ರಕ್ಕೆ ಹೊಸ ದೃಷ್ಟಿಯನ್ನೇ ಕೊಟ್ಟಿತು. ಕೆಲವು ರೋಗಿಗಳ ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ, ರಂಜಕ ಹೆಚ್ಚು. ನೋಡಿದರೆ ಪ್ಯಾರಾಥೈರಾಯ್ಡ್ ಇಲ್ಲದವರಂತೆಯೇ. ಗಿಡ್ಡ ದೇಹ, ದುಂಡು ಮುಖ. ಮುಷ್ಟಿ ಹಿಡಿದರೆ ಕೆಲವು ಬೆರಳ ಗೆಣ್ಣುಗಳಿರಬೇಕಾದ ಸ್ಥಳದಲ್ಲಿ ಕುಳಿ. ಅವರಿಗೆ ಗ್ರಂಥಿಯ ಸಾರವನ್ನು ಚುಚ್ಚಿದರೆ ಯಾವ ಬದಲಾವಣೆಯೂ ಆಗಲಿಲ್ಲ. ದೋಷ ಸಂದೇಶ ಕಳುಹಿಸುವ ಗ್ರಂಥಿಯಲ್ಲಿಲ್ಲ, ಅದನ್ನು ಕೇಳಬೇಕಾದ ಅವಯವದಲ್ಲಿದೆ ಎಂದು ಆಲ್‌ಬ್ರೈಟ್ ನಿರ್ಣಯಿಸಿದರು. ಗಂಡಾಗಿದ್ದೂ ಹೇಂಟೆಯಂಥ ಪುಕ್ಕಗಳನ್ನು ತಾಳುವ ಸೀಬ್ರೈಟ್ ಎಂಬ ಚಿಕ್ಕ ಜಾತಿಯ ಹುಂಜವನ್ನು ಅವರು ಇದಕ್ಕೆ ಹೋಲಿಕೆಯಾಗಿ ಕೊಟ್ಟರು. ಹಾರ್ಮೋನು ಇದ್ದರೆ ಸಾಲದು, ಅದಕ್ಕೆ ಓಗೊಡುವ ಶಕ್ತಿಯೂ ಬೇಕೆಂಬ ಈ ಭಾವನೆ ಮುಂದೆ ಅನೇಕ ರೋಗಗಳ ಅರಿವಿಗೆ ದಾರಿಯಾಯಿತು.

ಇದಕ್ಕೆ ಐದು ವರ್ಷ ಮುಂಚೆ, ೧೯೩೭ರಲ್ಲಿ, ಎಲುಬುಗಳಲ್ಲಿ ನಾರಿನ ಗಂಟುಗಳು, ಚರ್ಮದ ಮೇಲೆ ಕಂದು ಮಚ್ಚೆಗಳು, ಹೆಣ್ಣುಮಕ್ಕಳಲ್ಲಿ ಅಕಾಲದಲ್ಲಿ ಪ್ರಾಪ್ತವಯಸ್ಸು ಇವು ಒಟ್ಟಿಗೆ ಬರುವ ಇನ್ನೊಂದು ರೋಗವನ್ನೂ ಅವರು ವರ್ಣಿಸಿದ್ದರು. ಮೇಲುನೋಟಕ್ಕೆ ಎರಡಕ್ಕೂ ಯಾವ ಸಂಬಂಧವೂ ಕಾಣದು. ಆದರೆ ೧೯೯೦ ಮತ್ತು ೧೯೯೧ರಲ್ಲಿ ಎರಡು ರೋಗಗಳ ಮೂಲವೂ ಒಂದೇ ಜೀನಿನಲ್ಲಿ ಪತ್ತೆಯಾಯಿತು. ಹಾರ್ಮೋನಿನ ಕರೆಯನ್ನು ಜೀವಕೋಶದ ಒಳಕ್ಕೆ ದಾಟಿಸುವ ಪ್ರೋಟೀನು ಒಂದರಲ್ಲಿ ಕುಂದಿರುತ್ತದೆ. ಇನ್ನೊಂದರಲ್ಲಿ ಕರೆ ಬಾರದಿದ್ದರೂ ಸದಾ ಎಚ್ಚರವಾಗಿರುತ್ತದೆ.

ಅದೇ ೧೯೩೭ರಲ್ಲಿ ಬಟ್ಲರ್ ಮತ್ತು ಬ್ಲೂಂಬರ್ಗ್ ಅವರೊಡನೆ ಆಲ್‌ಬ್ರೈಟ್ ರಿಕೆಟ್ಸ್ ರೋಗದ ಒಬ್ಬ ಬಾಲಕನ ವೃತ್ತಾಂತವನ್ನು ಪ್ರಕಟಿಸಿದರು. ಡಿ ಜೀವಸತ್ವವನ್ನು ಸಾಮಾನ್ಯ ಪ್ರಮಾಣದಲ್ಲಿ ಎಷ್ಟು ಕೊಟ್ಟರೂ ಅವನ ಎಲುಬುಗಳು ಗಟ್ಟಿಯಾಗಲಿಲ್ಲ. ಅತ್ಯಧಿಕ ಪ್ರಮಾಣದಲ್ಲಿ ಕೊಡಬೇಕಾಯಿತು. ಇಂಥ ಮಕ್ಕಳ ಮೂತ್ರದಲ್ಲಿ ರಂಜಕ ಸೋರಿಹೋಗುತ್ತದೆ. ಅದನ್ನು ಹೊರಹಾಕೆಂದು ಮೂತ್ರಪಿಂಡಕ್ಕೆ ಹೇಳುವವರು ಯಾರು ಎಂಬ ಪ್ರಶ್ನೆ ಅವರ ಜೀವಿತಕಾಲದಲ್ಲಿ ಬಿಡಿಸಲಾಗದೆ ಉಳಿಯಿತು.

ದೇಹವ್ಯಾಧಿ ಮತ್ತು ಧೈರ್ಯ

ಈ ಕಾರ್ಯಗಳೆಲ್ಲ ನಡೆಯುತ್ತಿದ್ದಾಗ ಆಲ್‌ಬ್ರೈಟ್ ಅವರ ಸ್ವಂತ ದೇಹ ಶಿಥಿಲವಾಗುತ್ತಿತ್ತು. ೧೯೩೦ರ ದಶಕದ ನಡುವಿನಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಅವರಿಗೆ ಪಾರ್ಕಿನ್‌ಸನ್ ರೋಗ ತಗುಲಿತು. ಕೈಗಳು ನಡುಗತೊಡಗಿದವು, ನಡಿಗೆ ಬಿಗಿಯಾಯಿತು, ಮಾತು ಅಸ್ಪಷ್ಟವಾಯಿತು. ಆಗ ಆ ರೋಗಕ್ಕೆ ತೃಪ್ತಿಕರವಾದ ಔಷಧವಿರಲಿಲ್ಲ. ಅವರು ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ಪತ್ನಿ ಕ್ಲೇರ್ ಬರ್ಜ್ ಮತ್ತು ಇಬ್ಬರು ಗಂಡುಮಕ್ಕಳ ಸಂಸಾರ ಒಂದು ಕಡೆ, ಕೈಹಿಡಿದು ನಡೆಸುವ ಶಿಷ್ಯವರ್ಗ ಇನ್ನೊಂದು ಕಡೆ ಅವರಿಗೆ ಆಸರೆಯಾದವು. ದೇಶದ ನಾನಾ ಭಾಗಗಳಿಂದ ಬಂದ ತರುಣ ವೈದ್ಯರು ಅವರ ಬರಹಕ್ಕೆ ಕೈಯಾಗಿ, ಓಡಾಟಕ್ಕೆ ಊರುಗೋಲಾಗಿ ನಿಂತು, ಪ್ರತಿಯಾಗಿ ಅವರಿಂದ ಆಲೋಚಿಸುವ ಕ್ರಮವನ್ನು ಕಲಿತರು.

ಶಿಷ್ಯರ ಕೀರ್ತಿಯನ್ನು ತಮ್ಮದಾಗಿಸಿಕೊಳ್ಳುವ ಸ್ವಭಾವ ಅವರದಲ್ಲ. ತಾವು ಸೂಚಿಸಿದ ವಿಷಯವನ್ನು ಅಭ್ಯಸಿಸಿದ ತರುಣ ಹ್ಯಾರಿ ಕ್ಲೈನ್‌ಫೆಲ್ಟರ್ ಅವರ ಹೆಸರನ್ನು ೧೯೪೨ರ ಲೇಖನದಲ್ಲಿ ಮೊದಲು ಬರಗೊಟ್ಟರು; ಆ ರೋಗ ಇಂದಿಗೂ ಕ್ಲೈನ್‌ಫೆಲ್ಟರ್ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ೧೯೪೮ರಲ್ಲಿ ಎಡ್ವರ್ಡ್ ರೈಫನ್‌ಸ್ಟೈನ್ ಅವರೊಡನೆ ಪ್ಯಾರಾಥೈರಾಯ್ಡ್ ಗ್ರಂಥಿಗಳನ್ನೂ ಎಲುಬಿನ ರೋಗಗಳನ್ನೂ ಕುರಿತ ಮಹಾಗ್ರಂಥವನ್ನು ಅವರು ಹೊರತಂದರು. ಬಹುಕಾಲ ಅದು ಈ ಶಾಸ್ತ್ರದ ಆಕರಗ್ರಂಥವಾಗಿತ್ತು.

ರೋಗ ಉಲ್ಬಣಿಸಿದಾಗ, ೧೯೫೬ರಲ್ಲಿ, ತಮ್ಮ ಐವತ್ತಾರನೆಯ ವಯಸ್ಸಿನಲ್ಲಿ, ಮೆದುಳಿನ ಶಸ್ತ್ರಕ್ರಿಯೆಗೆ ಒಳಗಾಗಲು ಅವರು ನಿಶ್ಚಯಿಸಿದರು. ಅದು ಆಗಿನ್ನೂ ಹೊಸದಾದ, ಅಪಾಯಕರವಾದ ಚಿಕಿತ್ಸೆ. ಜೀವನವೆಲ್ಲ ರೋಗಿಗಳ ಮೇಲೆ ಹೊಸ ಪರೀಕ್ಷೆಗಳನ್ನು ನಡೆಸಿದ ವೈದ್ಯರು ತಮ್ಮ ದೇಹವನ್ನು ಹೊಸ ಚಿಕಿತ್ಸೆಗೆ ಒಪ್ಪಿಸಲು ಹಿಂಜರಿಯಲಿಲ್ಲ. ದುರ್ದೈವದಿಂದ ಮೆದುಳಿನಲ್ಲಿ ರಕ್ತಸ್ರಾವವಾಗಿ ಅವರ ಮಾತು ಶಾಶ್ವತವಾಗಿ ನಿಂತಿತು. ತಾವು ಕೀರ್ತಿ ತಂದ ಆಸ್ಪತ್ರೆಯಲ್ಲಿಯೇ ಅವರು ಹದಿಮೂರು ವರ್ಷಗಳ ಕಾಲ ಮೌನವಾಗಿ ಮಲಗಿದ್ದರು. ೧೯೬೭ರಲ್ಲಿ ಪಾರ್ಕಿನ್‌ಸನ್ ರೋಗಕ್ಕೆ ಎಲ್-ಡೋಪ ಎಂಬ ಔಷಧ ಗುಣಕಾರಿಯೆಂಬ ವರದಿ ಹೊರಬಿದ್ದಾಗ ಅವರು ಅದರ ಪ್ರಯೋಜನ ಪಡೆಯುವ ಸ್ಥಿತಿಯನ್ನು ದಾಟಿದ್ದರು. ೧೯೬೯ರ ಡಿಸೆಂಬರ್ ೮ರಂದು ಅವರು ನಿಧನ ಹೊಂದಿದರು.

ಎಲುಬೂ ನುಡಿಯಿತು

ಆಲ್‌ಬ್ರೈಟ್ ಅವರ ಕಾಲದಲ್ಲಿ ಎಲುಬು ಸಂದೇಶಗಳನ್ನು ಕೇಳುವ ಅವಯವವೆಂದು ಸಿದ್ಧವಾಯಿತು. ಅದು ತಾನೂ ನುಡಿಯುತ್ತದೆಂಬುದು ಅವರ ನಂತರ ತಿಳಿದ ಸಂಗತಿ. ೨೦೦೦ದಲ್ಲಿ ಎಫ್.ಜಿ.ಎಫ್. ೨೩ ಎಂಬ ಹಾರ್ಮೋನು ಪತ್ತೆಯಾಯಿತು. ಅ೦ಥ ಹಾರ್ಮೋನನ್ನು ತಯಾರಿಸುವುದು ಯಾವುದೋ ಗ್ರಂಥಿಯಲ್ಲ, ಎಲುಬಿನೊಳಗಿನ ಜೀವಕೋಶಗಳು. ದೇಹದಲ್ಲಿ ರಂಜಕ ಹೆಚ್ಚಾದಾಗ ಎಲುಬು ಈ ಹಾರ್ಮೋನನ್ನು ರಕ್ತಕ್ಕೆ ಬಿಟ್ಟು, ರಂಜಕವನ್ನು ಹೊರಹಾಕೆಂದು ಮೂತ್ರಪಿಂಡಕ್ಕೆ ತಿಳಿಸುತ್ತದೆ. ಡಿ ಜೀವಸತ್ವದ ಕ್ರಿಯಾಶೀಲ ರೂಪದ ತಯಾರಿಕೆಯನ್ನೂ ತಗ್ಗಿಸುತ್ತದೆ. ಡಿ ಜೀವಸತ್ವಕ್ಕೆ ಮಣಿಯದ ವಂಶಪಾರಂಪರ್ಯದ ರಿಕೆಟ್ಸ್‌ನಲ್ಲಿ ಎಲುಬು ಈ ಸಂದೇಶವನ್ನು ಅತಿಯಾಗಿ ಕಳುಹಿಸುತ್ತದೆ. ೧೯೩೭ರಲ್ಲಿ ಎದ್ದ ಪ್ರಶ್ನೆಗೆ ಉತ್ತರ ಎಲುಬಿನಲ್ಲಿಯೇ ಇತ್ತು. ಆ ಹಾರ್ಮೋನನ್ನು ತಡೆಯುವ ಬುರೊಸುಮಾಬ್ ಎಂಬ ಔಷಧ ೨೦೧೮ರಲ್ಲಿ ಬಳಕೆಗೆ ಬಂದು, ಇಂಥ ಮಕ್ಕಳ ಕಾಲುಗಳು ನೆಟ್ಟಗಾಗಲು ನೆರವಾಗುತ್ತಿದೆ.

೨೦೦೭ರಲ್ಲಿ ಜೆರಾರ್ಡ್ ಕಾರ್ಸೆಂಟಿ ಮತ್ತು ಸಂಗಡಿಗರು ಎಲುಬಿನ ಆಸ್ಟಿಯೋಕ್ಯಾಲ್ಸಿನ್ ಎಂಬ ಪ್ರೋಟೀನು ಇಲಿಗಳಲ್ಲಿ ಮೇದೋಜೀರಕ ಗ್ರಂಥಿಯನ್ನು ಪ್ರೇರಿಸಿ ಇನ್‌ಸುಲಿನ್ ಹೆಚ್ಚಿಸುತ್ತದೆಂದು ವರದಿ ಮಾಡಿದರು. ೨೦೨೦ರಲ್ಲಿ ಬೇರೆ ಪ್ರಯೋಗಶಾಲೆಗಳ ಇಲಿಗಳಲ್ಲಿ ಅದೇ ಫಲ ಕಾಣಲಿಲ್ಲವಾದುದರಿಂದ ಆ ವಿಷಯದಲ್ಲಿ ಚರ್ಚೆ ನಡೆದಿದೆ. ೨೦೧೭ರಲ್ಲಿ ಎಲುಬಿನಿಂದ ಹೊರಟ ಲಿಪೋಕ್ಯಾಲಿನ್ ೨ ಎಂಬ ವಸ್ತು ಇಲಿಗಳ ಮೆದುಳನ್ನು ತಲಪಿ ಹಸಿವನ್ನು ತಗ್ಗಿಸುತ್ತದೆಂದು ಇನ್ನೊಂದು ತಂಡ ತಿಳಿಸಿತು. ಇವುಗಳಲ್ಲಿ ಯಾವುದು ಮನುಷ್ಯರಲ್ಲಿ ಎಷ್ಟು ಮಟ್ಟಿಗೆ ನಿಜವೆಂಬುದನ್ನು ತೀರ್ಮಾನಿಸುವುದಕ್ಕೆ ಆಲ್‌ಬ್ರೈಟ್ ಹಿಡಿದ ದಾರಿಯೇ ಬೇಕು: ರೋಗಿಯನ್ನು ಕಣ್ಣಾರೆ ಕಂಡು, ತಾಳ್ಮೆಯಿಂದ ಅಳೆದು, ಅಳತೆ ಹೇಳಿದ್ದನ್ನು ಒಪ್ಪಿಕೊಳ್ಳುವ ದಾರಿ.

ಎಲುಬು ಮತ್ತು ಖನಿಜಗಳ ಸಂಶೋಧನೆಗಾಗಿ ಅಮೆರಿಕೆಯಲ್ಲಿ ಸ್ಥಾಪಿತವಾದ ವಿದ್ವತ್ಸಂಸ್ಥೆ ತರುಣ ಸಂಶೋಧಕರಿಗಾಗಿ ಫುಲ್ಲರ್ ಆಲ್‌ಬ್ರೈಟ್ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನಿಟ್ಟಿದೆ. ಅವರ ನಿಜವಾದ ಸ್ಮಾರಕ ಅದಕ್ಕಿಂತ ವಿಶಾಲವಾದುದು. ಮೂತ್ರಪಿಂಡದ ಕಲ್ಲಿಗೆ ಕಾರಣ ಹುಡುಕುತ್ತ ರಕ್ತದ ಕ್ಯಾಲ್ಸಿಯಂ ಪರೀಕ್ಷಿಸುವ ವೈದ್ಯರೂ, ಮುಟ್ಟು ನಿಂತ ತಾಯಂದಿರ ಎಲುಬಿನ ಬಲವನ್ನು ಅಳೆದು ಎಚ್ಚರಿಸುವ ವೈದ್ಯರೂ ಆ ಮಹನೀಯರು ತೋರಿದ ಹಾದಿಯಲ್ಲಿಯೇ ನಡೆಯುತ್ತಿದ್ದಾರೆ. ದೇಹದ ಯಾವ ಅವಯವವೂ ತನ್ನಷ್ಟಕ್ಕೆ ತಾನು ಬಾಳುವುದಿಲ್ಲ. ಒಂದರ ಕ್ಷೇಮ ಇನ್ನೊಂದರ ಮಾತನ್ನು ಕೇಳುವುದರಲ್ಲಿದೆ. ಆ ಮಾತನ್ನು ಲೋಕಕ್ಕೆ ಕೇಳಿಸಿದ ಧೀರ ವೈದ್ಯರೆಂದು ಫುಲ್ಲರ್ ಆಲ್‌ಬ್ರೈಟ್ ಅವರ ಹೆಸರು ಬಹುಕಾಲ ಉಳಿಯುವುದು.